ಕ್ಯಾಮೆರಾ ಎಣಿಸಿ ಹಸಿರು ಕೊಡುವ ಸಿಗ್ನಲ್: ಕಂಪ್ಯೂಟರ್‌ನಲ್ಲಿ ಸರಿ, ಸರ್ಕಲ್‌ನಲ್ಲಿ ಯಾಕೆ ಎಡವಟ್ಟು?

ಸುಸಲಾ_ಮಿರ್ಚಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು, ಇಂಜಿನಿಯರಿಂಗ್ ಕೊನೇ ವರ್ಷ. ಸೇಡಂ ರಸ್ತೆ ಕಡೆಯ ಒಂದು ಸಿಗ್ನಲ್ ಬಗ್ಗೆ ಕೇಳಬೇಕಿತ್ತು. ಸರ್ಕಲ್ ಹೆಸರು ಬರೆಯುವುದಿಲ್ಲ, ದಿನಾ ಅಲ್ಲಿ ನಿಂತು ಬೆವರುವವರಿಗೆ ಹೇಗೂ ಗೊತ್ತಾಗುತ್ತದೆ.

ನಾಲ್ಕು ದಿಕ್ಕಿಗೂ ಒಂದಾದ ಮೇಲೆ ಒಂದು ಹಸಿರು ಬರುತ್ತದೆ. ಒಂದು ಸುತ್ತು ಮುಗಿಯಲು 120 ಸೆಕೆಂಡ್. ಬೆಳಿಗ್ಗೆ 9ಕ್ಕೂ ಅಷ್ಟೇ, ಮಧ್ಯಾಹ್ನ 2ಕ್ಕೂ ಅಷ್ಟೇ. ಹೋದ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅಡ್ಡರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ, ನಾನೊಬ್ಬ ಬೈಕ್ ಆಫ್ ಮಾಡಿ, ಕಾದ ಟ್ಯಾಂಕ್ ಮುಟ್ಟದ ಹಾಗೆ ಮೊಣಕಾಲು ಅಗಲಿಸಿಕೊಂಡು 90 ಸೆಕೆಂಡ್ ಕೆಂಪು ದೀಪ ನೋಡುತ್ತಾ ನಿಂತಿದ್ದೆ. ಅವತ್ತೇ ಅಂದುಕೊಂಡೆ, ಪ್ರಾಜೆಕ್ಟ್ ಮಾಡಿದರೆ ಇದರ ಮೇಲೇ ಮಾಡಬೇಕು ಅಂತ.

ಮಾಡಿದ್ದು ಇಷ್ಟು. ನಾಲ್ಕು ಕ್ಯಾಮೆರಾ ಇವೆ ಅಂತ ಇಟ್ಟುಕೊಂಡು, ಚಿತ್ರದಲ್ಲಿ ಏನೇನಿದೆ ಅಂತ ಗುರುತಿಸುವ ಯೋಲೋ ಅನ್ನುವ ಪ್ರೋಗ್ರಾಂ ಬಳಸಿ ಪ್ರತಿ ದಿಕ್ಕಿನಲ್ಲಿ ನಿಂತ ಗಾಡಿ ಎಣಿಸುತ್ತೇನೆ. 5 ಸೆಕೆಂಡಿಗೊಮ್ಮೆ ನೋಡಿ, ಯಾವ ಕಡೆ ಸಾಲು ಉದ್ದ ಇದೆಯೋ ಅದಕ್ಕೆ ಹಸಿರು. ಕಂಪ್ಯೂಟರ್‌ನಲ್ಲೇ ಟ್ರಾಫಿಕ್ ಓಡಿಸಿ ನೋಡುವ, ಜರ್ಮನಿಯವರು ಮಾಡಿದ ಸುಮೋ ಅನ್ನುವ ಸಾಫ್ಟ್‌ವೇರ್‌ನಲ್ಲಿ ಓಡಿಸಿದರೆ ಕಾಯುವ ಸಮಯ ಚೆನ್ನಾಗಿ ಇಳಿಯಿತು. ಗೈಡ್ ಖುಷಿಯಾದರು, ನಾನೂ ಖುಷಿಯಾದೆ.

ಆಮೇಲೆ ಒಂದು ಶನಿವಾರ ಸರ್ಕಲ್ ಪಕ್ಕದ ಚಹಾ ಅಂಗಡಿ ಕಟ್ಟೆ ಮೇಲೆ ನೋಟ್‌ಬುಕ್ ಹಿಡಿದು ಕೂತೆ. ಬೆಳಿಗ್ಗೆ 9ರಿಂದ 10.30. ಗೆರೆ ಎಳೆದು ಎಳೆದು ಎಣಿಸಿದ್ದೇ. ನನ್ನ ಸುಮೋ ಲೆಕ್ಕದ ಪ್ರಕಾರ 30 ಸೆಕೆಂಡ್ ಹಸಿರಿನಲ್ಲಿ ಎಷ್ಟು ಗಾಡಿ ಹೋಗಬೇಕಿತ್ತೋ, ನಿಜಕ್ಕೂ ಹೋಗಿದ್ದು ಅದರ ಮುಕ್ಕಾಲು ಪಾಲೂ ಇಲ್ಲ. ಕೆಲವು ಸಲ ಅರ್ಧ. ನನ್ನ ಕೋಡ್ ತಪ್ಪೋ, ಎಣಿಕೆ ತಪ್ಪೋ, ನಮ್ಮ ಊರೇ ಹಿಂಗೋ? ಪಕ್ಕದಲ್ಲಿ ಕೂತ ಒಬ್ಬ ಅಜ್ಜ "ಏನಪ್ಪಾ, ಜನಗಣತಿನಾ?" ಅಂತ ಬೇರೆ ಕೇಳಿದರು.

ತಿಳಿದವರು ಸ್ವಲ್ಪ ಹೇಳಿ. ಬೈದರೂ ಪರವಾಗಿಲ್ಲ.

ಆಳಂದದ_ಹುಡುಗ:

ಬೈಯುವುದಿಲ್ಲ ತಮ್ಮಾ, ಕಟ್ಟೆ ಮೇಲೆ ಕೂತು ಎಣಿಸಿದ್ದಕ್ಕೇ ಅರ್ಧ ಮಾರ್ಕ್ಸ್ ಕೊಡಬೇಕು. ನಾನು ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತೇನೆ. ಊರು ಆಳಂದ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ನಿನ್ನ ಕೋಡ್. ಉದ್ದ ಸಾಲಿಗೆ ಹಸಿರು ಅನ್ನುವುದು ಕೇಳೋಕೆ ನ್ಯಾಯ. ಆದರೆ ದೀಪ ಬದಲಾದಾಗಲೆಲ್ಲ ಸಮಯ ಪೋಲಾಗುತ್ತದೆ. ಹಸಿರು ಬಿದ್ದರೂ ಮುಂದಿನವನು ಗೇರ್ ಹಾಕಿ ಹೊರಡಲು ಒಂದೆರಡು ಸೆಕೆಂಡ್, ಹಳದಿ, ಆಮೇಲೆ ಎಲ್ಲ ಕಡೆ ಕೆಂಪು. ಒಂದು ಬದಲಾವಣೆಗೆ 4 ಸೆಕೆಂಡ್ ಅಂತ ಹಿಡಿ. ನಾಲ್ಕು ದಿಕ್ಕಿಗೆ 16. ಸುತ್ತು 120 ಸೆಕೆಂಡ್ ಇದ್ದರೆ ಹೋಗುವುದು ನೂರಕ್ಕೆ 13 ಪಾಲು. 60 ಮಾಡಿದರೆ ನೂರಕ್ಕೆ 27. ನೀನು 5 ಸೆಕೆಂಡಿಗೊಮ್ಮೆ ಮನಸ್ಸು ಬದಲಾಯಿಸಿದರೆ ರಸ್ತೆ ಕೆಲಸ ಮಾಡುವುದಕ್ಕಿಂತ ದೀಪ ಬದಲಾಯಿಸುವುದೇ ಜಾಸ್ತಿ. ಸುಮೋದಲ್ಲಿ ಹಳದಿ, ಎಲ್ಲಾ ಕೆಂಪು ಹಾಕಿದ್ದೀಯಾ? ಹಾಕಿಲ್ಲ ಅಂತ ನನ್ನ ಅನುಮಾನ. ಎಲ್ಲರೂ ಮೊದಲ ಸಲ ಮರೆಯುತ್ತಾರೆ, ನಾನೂ ಮರೆತಿದ್ದೆ.

ಎರಡನೆಯದು, ನೀನು ಬೈಕನ್ನೂ ಒಂದು, ಟ್ರ್ಯಾಕ್ಟರನ್ನೂ ಒಂದು ಅಂತ ಎಣಿಸಿದ್ದೀಯ. ನಮ್ಮ ಕೆಲಸದಲ್ಲಿ ಕಾರನ್ನು 1 ಅಂತ ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೋಲಿಸುತ್ತಾರೆ. ಇದನ್ನೇ ಪಿಸಿಯು ಅನ್ನುವುದು. ಹಳ್ಳಿ ಕಡೆ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ರಸ್ತೆ ಇಂಜಿನಿಯರ್‌ಗಳ ಸಂಸ್ಥೆ) ಕೊಟ್ಟ ಪಟ್ಟಿಯಲ್ಲಿ ಬೈಕ್ 0.5, ಬಸ್ಸು ಲಾರಿ 3, ಟ್ರೇಲರ್ ಹಚ್ಚಿದ ಟ್ರ್ಯಾಕ್ಟರ್ 4.5, ಎತ್ತಿನ ಗಾಡಿ 8. ತೊಗರಿ ಸುಗ್ಗಿಯಲ್ಲಿ ಗಂಜ್ ಕಡೆ ಹೊರಟ ಎರಡು ಟ್ರ್ಯಾಕ್ಟರ್ ನಿಂತಿದ್ದರೆ ನಿನ್ನ ಕ್ಯಾಮೆರಾ 2 ಅನ್ನುತ್ತದೆ. ರಸ್ತೆ 9 ಅನ್ನುತ್ತದೆ. ಆ ಕಡೆ ಹನ್ನೆರಡು ಬೈಕ್ ನಿಂತರೆ ಕ್ಯಾಮೆರಾಗೆ 12, ಆದರೆ ಅವು ಹಸಿರು ಬಿದ್ದ ಐದಾರು ಸೆಕೆಂಡಿನಲ್ಲಿ ಮಾಯ.

ಮೂರನೆಯದೇ ನಿನ್ನ ನಿಜವಾದ ಪ್ರಶ್ನೆಗೆ ಉತ್ತರ. ನೀನು ಕೂತ ಕಟ್ಟೆಯ ಎದುರು, ಸ್ಟಾಪ್ ಲೈನ್ ಹತ್ತಿರ, ಎಡಗಡೆ ಏನೇನು ನಿಂತಿತ್ತು?

ಸುಸಲಾ_ಮಿರ್ಚಿ:

ಅಣ್ಣಾ, ಹಳದಿ ಹಾಕಿದ್ದೆ, ಎಲ್ಲಾ ಕೆಂಪು ಹಾಕಿರಲಿಲ್ಲ 🙏

ಎಡಗಡೆ: ಮೂಲೆಯಲ್ಲಿ ಎರಡು ಆಟೋ, "ಸ್ಟೇಷನ್ ಸ್ಟೇಷನ್" ಅಂತ ಕೂಗುತ್ತಾ. ಅವುಗಳ ಹಿಂದೆ ಬಾಳೆಹಣ್ಣಿನ ಬಂಡಿ. ಒಂದು ಸಲ ಸಿಟಿ ಬಸ್ಸು ಸರ್ಕಲ್ ದಾಟಿದ ಕೂಡಲೇ ನಿಂತು ಒಬ್ಬ ಅಜ್ಜಿಯನ್ನು ಇಳಿಸಿತು. ಅವರ ಚೀಲ ಮೆಟ್ಟಿಲಿಗೆ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಹಸಿರೇ ಮುಗಿಯಿತು. ಅವತ್ತು ಇದನ್ನು ಬರೆದುಕೊಂಡಿರಲಿಲ್ಲ, ಈಗ ಕೇಳಿದ ಮೇಲೆ ನೆನಪಾಗುತ್ತಿದೆ.

ಆಳಂದದ_ಹುಡುಗ:

ಅಲ್ಲೇ ಇದೆ ನೋಡು ನಿನ್ನ ಲೆಕ್ಕ. ಸಾಲು ಕಟ್ಟಿ ನಿಂತ ಗಾಡಿಗಳು ಪೂರ್ತಿ ಹಸಿರಿನಲ್ಲಿ ಎಷ್ಟು ವೇಗದಲ್ಲಿ ಖಾಲಿಯಾಗುತ್ತವೆ ಅನ್ನುವುದಕ್ಕೆ ಹಳೆಯ ಸೂತ್ರ ಒಂದಿದೆ: ರಸ್ತೆಯ ಅಗಲವನ್ನು ಮೀಟರ್‌ನಲ್ಲಿ ತಗೊಂಡು 525ರಿಂದ ಗುಣಿಸು, ಗಂಟೆಗೆ ಅಷ್ಟು ಪಿಸಿಯು. 7 ಮೀಟರ್ ಇದ್ದರೆ 3675. ಅಂದರೆ 30 ಸೆಕೆಂಡ್ ಹಸಿರಿಗೆ ಹೆಚ್ಚುಕಡಿಮೆ 30.

ಈಗ ಆಟೋ ಮತ್ತು ಬಂಡಿ ಸೇರಿ ಎರಡೂವರೆ ಮೀಟರ್ ತಿಂದವು ಅಂತ ಇಟ್ಟುಕೋ. ಉಳಿದದ್ದು 4.5. ಇಷ್ಟು ಕಿರಿದಾದರೆ ಆ ಸೂತ್ರ ನಡೆಯುವುದಿಲ್ಲ, ಅದಕ್ಕೆ ಬೇರೆ ಪಟ್ಟಿ ಇದೆ. ಅದರಲ್ಲಿ 4.5 ಮೀಟರ್‌ಗೆ 2250. 30 ಸೆಕೆಂಡಿಗೆ 18ರಿಂದ 19. ನೂರಕ್ಕೆ ಸುಮಾರು 40 ಹೋಯಿತು! ನಿನ್ನ ಎಣಿಕೆ ತಪ್ಪಿಲ್ಲ. ನಿನ್ನ ಸುಮೋದಲ್ಲಿ ಬಾಳೆಹಣ್ಣಿನ ಬಂಡಿ ಇಲ್ಲ, ಅಷ್ಟೇ.

ಇದನ್ನು ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಗಾಡಿ ನೋಡಿ ಸಮಯ ಹಂಚುವ ಸಿಗ್ನಲ್ ಎಷ್ಟೇ ಜಾಣ ಆದರೂ ಅದು ಇರುವ ಸಮಯವನ್ನೇ ಹಂಚುತ್ತದೆ. ರಸ್ತೆಯನ್ನು ಅಗಲ ಮಾಡುವುದಿಲ್ಲ. ಮನೆಯಲ್ಲಿ ಐದು ರೊಟ್ಟಿ ಇದ್ದರೆ ಯಾರಿಗೆ ಎಷ್ಟು ಅಂತ ಹಂಚಬಹುದು, ಆರನೇ ರೊಟ್ಟಿ ಹಂಚುವವನ ಕೈಯಿಂದ ಬರುವುದಿಲ್ಲ.

ಹಾಗಂತ ಐಡಿಯಾ ಬಿಡಬೇಡ. ಕಲಬುರಗಿಯ ನಮ್ಮ ಪಿಡಿಎ ಇಂಜಿನಿಯರಿಂಗ್ ಕಾಲೇಜು ಶುರುವಾದ ವರ್ಷವೇ, 1958ರಲ್ಲಿ, ಸಿಗ್ನಲ್ ಸುತ್ತು ಎಷ್ಟು ಸೆಕೆಂಡ್ ಇರಬೇಕು ಅನ್ನುವುದಕ್ಕೆ ಇಂಗ್ಲೆಂಡಿನ ವೆಬ್‌ಸ್ಟರ್ ಒಂದು ಸೂತ್ರ ಕೊಟ್ಟರು. ಇವತ್ತಿಗೂ ಎಲ್ಲರೂ ಅದರಿಂದಲೇ ಶುರು ಮಾಡುವುದು. ಸುತ್ತಿನಲ್ಲಿ ಪೋಲಾಗುವ ಸಮಯವನ್ನು ಒಂದೂವರೆಯಿಂದ ಗುಣಿಸಿ 5 ಕೂಡಿಸು. ನಿನಗೆ 16 × 1.5 + 5 = 29. ಇನ್ನೊಂದು ಕಡೆ, ಪ್ರತಿ ದಿಕ್ಕಿಗೂ ಗಂಟೆಗೆ ಬರುವ ಗಾಡಿಯನ್ನು ಅಲ್ಲಿ ಪೂರ್ತಿ ಹಸಿರಿದ್ದರೆ ಗಂಟೆಗೆ ಹೋಗಬಹುದಾದ ಗಾಡಿಯಿಂದ ಭಾಗಿಸಿ, ನಾಲ್ಕನ್ನೂ ಕೂಡಿಸಿ, 1ರಿಂದ ಕಳೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುತ್ತಿನ ಸಮಯ ಬರುತ್ತದೆ. ಬೆಳಿಗ್ಗೆ ಆ ಮೊತ್ತ 0.7 ಇದ್ದರೆ 29 ÷ 0.3, ಅಂದರೆ 97 ಸೆಕೆಂಡ್. ಮಧ್ಯಾಹ್ನ 0.3 ಇದ್ದರೆ 29 ÷ 0.7, ಬರೀ 41 ಸೆಕೆಂಡ್. ನೀನು ಬಿಸಿಲಲ್ಲಿ ನಿಂತಿದ್ದು 41 ಸಾಕಾಗುವ ಕಡೆ 120 ಇಟ್ಟಿದ್ದರಿಂದ. ಇದಕ್ಕೆ ಕ್ಯಾಮೆರಾ ಬೇಡ, ಗಡಿಯಾರ ನೋಡಿ ದಿನಕ್ಕೆ ಮೂರ್ನಾಲ್ಕು ಪ್ಲಾನ್ ಬದಲಾಯಿಸಿದರೂ ಅರ್ಧ ತಲೆನೋವು ಹೋಗುತ್ತದೆ.

ನಿವೃತ್ತ_ಪೇದೆ:

ಸುಮೋ ಅಂದ ಕೂಡಲೇ ಯಾವುದೋ ಹಳೇ ಗಾಡಿ ಬಗ್ಗೆ ಮಾತು ಅಂದುಕೊಂಡು ಒಳಗೆ ಬಂದೆ. ಬಂದ ಮೇಲೆ ಎರಡು ಮಾತು ಹೇಳುತ್ತೇನೆ.

ನಾನು ಟ್ರಾಫಿಕ್‌ನಲ್ಲಿ ಬಹಳ ವರ್ಷ ನಿಂತವನು. ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ಉರುಸು ಬಂದಾಗ ಸಿಗ್ನಲ್ ಆಫ್ ಮಾಡಿ ಕೈಯಲ್ಲೇ ಬಿಡುತ್ತಿದ್ದೆವು. ಆಗ ನಾವು ಗಾಡಿ ಎಣಿಸುತ್ತಿರಲಿಲ್ಲಪ್ಪಾ. ಸಾಲಿನ ಬಾಲ ನೋಡುತ್ತಿದ್ದೆವು. ಗಾಡಿ ಒತ್ತೊತ್ತಾಗಿ ಬರುತ್ತಿರುವವರೆಗೂ ಬಿಡು. ನಡುವೆ ಸಂದು ಬಿತ್ತು, ಬಾಲ ಕಡಿಯಿತು ಅಂದರೆ ಕೈ ಎತ್ತು. ದೂರದಲ್ಲಿ ಒಂದು ಬೈಕ್ ಬರುತ್ತಿದೆ ಅಂತ ಅವನಿಗಾಗಿ ಕಾದರೆ ಈ ಕಡೆ ನಲವತ್ತು ಜನ ಹಾರ್ನ್ ಹೊಡೆಯುತ್ತಾರೆ. ಮತ್ತೆ ಎಷ್ಟೇ ಒತ್ತಾಗಿ ಬರಲಿ, ಒಂದು ಮಿತಿ ಆದ ಮೇಲೆ ಕಡಿಯಲೇಬೇಕು. ಇಲ್ಲದಿದ್ದರೆ ಸಣ್ಣ ರಸ್ತೆಯವನು ಗಾಡಿ ಬಿಟ್ಟು ಇಳಿದು ಬಂದು ಜಗಳಕ್ಕೆ ನಿಲ್ಲುತ್ತಾನೆ. ಬಂದಿದ್ದಾರೆ.

ಇನ್ನೊಂದು. ಮುಂದಿನ ಸರ್ಕಲ್ ತುಂಬಿದ್ದರೆ ಇಲ್ಲಿ ಬಿಡಲೇಬಾರದು. ಬಿಟ್ಟರೆ ನಡುಮಧ್ಯೆ ನಿಂತು ನಾಲ್ಕೂ ಕಡೆ ಜಾಮ್. ಆಗ ವಾಕಿಟಾಕಿಯಲ್ಲಿ ಕೇಳಿಯೇ ಬಿಡುತ್ತಿದ್ದೆವು.

ಆಳಂದದ_ಹುಡುಗ:

ಪೇದೆ ಕಾಕಾ, ನೀವು ಹೇಳಿದ್ದನ್ನೇ ನಾವು ಕನ್ಸಲ್ಟೆಂಟ್‌ಗಳು ದುಡ್ಡು ತಗೊಂಡು ಹೇಳುತ್ತೇವೆ 😄 ಬಾಲ ಕಡಿಯುವುದಕ್ಕೆ ನಾವು ಗ್ಯಾಪ್ ಔಟ್ ಅನ್ನುತ್ತೇವೆ. ಮಿತಿಗೆ ಮ್ಯಾಕ್ಸ್ ಗ್ರೀನ್. ಮುಂದೆ ಜಾಗ ಇದೆಯಾ ಅಂತ ನೋಡಿ ಬಿಡುವುದಕ್ಕೆ ಮ್ಯಾಕ್ಸ್ ಪ್ರೆಷರ್ ಅಂತ ಒಂದು ವಿಧಾನವೇ ಇದೆ, ಪ್ರವೀಣ್ ವರಯ್ಯ ಅನ್ನುವವರು 2013ರಲ್ಲಿ ಅದರ ಗಣಿತ ಬರೆದರು. ಇಲ್ಲಿ ನಿಂತವರಲ್ಲಿ ಮುಂದಿನ ರಸ್ತೆಯಲ್ಲಿ ನಿಂತವರನ್ನು ಕಳೆ, ಹೆಚ್ಚು ಉಳಿದ ಕಡೆಗೆ ಹಸಿರು.

ತಮ್ಮಾ, ನಿನ್ನ ಕೋಡ್‌ನಲ್ಲಿ ಉದ್ದ ಸಾಲು ಅನ್ನುವುದನ್ನು ತೆಗೆದು ಕಾಕಾ ಹೇಳಿದ್ದನ್ನು ಹಾಕು. ನಿಜವಾಗಿ.

ವೈರ್‌ಮನ್_ಬೀದರ್:

ಸಿಗ್ನಲ್ ರಿಪೇರಿ ಮಾಡುವವನು ನಾನು. ಬೀದರ್, ಹುಮನಾಬಾದ್, ಕೆಲವು ಸಲ ನಿಮ್ಮ ಊರಿಗೂ ಬರುತ್ತೇನೆ. ಎಲ್ಲರೂ ಲೆಕ್ಕ ಮಾತಾಡುತ್ತಿದ್ದೀರಿ, ಕಂಬದ ಕಥೆ ಯಾರೂ ಹೇಳಲಿಲ್ಲ.

ಗಾಡಿ ಬಂದದ್ದು ಸಿಗ್ನಲ್‌ಗೆ ಗೊತ್ತಾಗಬೇಕಲ್ವಾ. ಹಳೇ ಪದ್ಧತಿ ಅಂದರೆ ರಸ್ತೆಯನ್ನು ಕಟರ್‌ನಿಂದ ಸೀಳಿ ತಂತಿ ಸುತ್ತು ಹೂಳುವುದು. ಮೇಲೆ ಲೋಹ ಬಂದರೆ ಕರೆಂಟ್‌ನಲ್ಲಿ ವ್ಯತ್ಯಾಸ ಆಗುತ್ತದೆ. ಕಾರು ಸರಿಯಾಗಿ ಸಿಗುತ್ತದೆ, ಬೈಕ್ ಅಂಚಿನಲ್ಲಿ ನಿಂತರೆ ಸಿಗುವುದೇ ಇಲ್ಲ. ಗಾಡಿ ನೋಡಿ ಸಮಯ ಹಂಚುವ ಸಿಗ್ನಲ್ ವ್ಯವಸ್ಥೆಗಳಲ್ಲಿ ಇಂಗ್ಲೆಂಡಿನ ಸ್ಕೂಟ್ ಇದನ್ನು ಸರ್ಕಲ್‌ಗಿಂತ ಬಹಳ ಹಿಂದೆ ಹೂಳುತ್ತದೆ, ಆಸ್ಟ್ರೇಲಿಯಾದ ಸ್ಕ್ಯಾಟ್ಸ್ ಸ್ಟಾಪ್ ಲೈನ್ ಹತ್ತಿರ. ಎರಡೂ 1970ರ ದಶಕದ್ದು, ಎರಡೂ ಗಾಡಿ ಲೇನ್‌ನಲ್ಲೇ ಬರುತ್ತದೆ ಅಂತ ನಂಬಿದ ದೇಶದವು. ನಮ್ಮಲ್ಲಿ ಹೂಳಿದ ಎರಡು ತಿಂಗಳಿಗೆ ಪೈಪ್ ಹಾಕುವವರು ಬಂದು ಅಗೆಯುತ್ತಾರೆ. ತಂತಿ ತುಂಡು. ಸಿಗ್ನಲ್ ಏನು ಮಾಡಬೇಕು ಆಗ? ಒಳ್ಳೆಯದಾಗಿದ್ದರೆ "ಇಲ್ಲಿ ಏನೋ ಕೆಟ್ಟಿದೆ" ಅಂತ ತಿಳಿದು ಹಳೇ ಟೈಮಿಂಗ್‌ಗೆ ಹೋಗುತ್ತದೆ. ನಾನೊಂದು ಕಡೆ ನೋಡಿದ್ದು, ತುಂಡಾದ ಕಡೆ ಗಾಡಿಯೇ ಇಲ್ಲ ಅಂದುಕೊಂಡು ಹಸಿರು ಕೊಡುವುದನ್ನೇ ಬಿಟ್ಟಿತ್ತು. ಮೂರು ದಿನ ಜನ ಕೆಂಪಿನಲ್ಲೇ ದಾಟಿದರು.

ಕ್ಯಾಮೆರಾ ಆದರೆ ಅಗೆಯುವ ಭಯ ಇಲ್ಲ. ಬದಲಿಗೆ ಧೂಳು, ಸಂಜೆ ಎದುರು ಬಿಸಿಲು, ಜೇಡನ ಬಲೆ. ಹೌದು, ಜೇಡ. ಲೆನ್ಸ್ ಮುಂದೆ ಬಲೆ ಕಟ್ಟಿದರೆ ರಾತ್ರಿ ಹೆಡ್‌ಲೈಟ್ ಬಿದ್ದು ಎಲ್ಲಾ ಬೆಳ್ಳಗೆ ಕಾಣುತ್ತದೆ. ಬಿದಿರ ಕೋಲಿಗೆ ಬಟ್ಟೆ ಕಟ್ಟಿ ಒರೆಸುವುದೇ ನನ್ನ ಸ್ಮಾರ್ಟ್ ತಂತ್ರಜ್ಞಾನ.

ಮತ್ತೆ ಆ ಉಲ್ಟಾ ಎಣಿಸುವ ಟೈಮರ್ ಇದೆಯಲ್ಲ, ಜನರಿಗೆ ಅದು ಬೇಕೇ ಬೇಕು, ಎಂಜಿನ್ ಆಫ್ ಮಾಡೋಕೆ. ಆದರೆ ಗಾಡಿ ನೋಡಿ ಹಸಿರು ಹೆಚ್ಚುಕಡಿಮೆ ಮಾಡುವ ಸಿಗ್ನಲ್‌ಗೆ ಇನ್ನೂ ಎಷ್ಟು ಸೆಕೆಂಡ್ ಅಂತ ಮೊದಲೇ ಗೊತ್ತಿರುವುದಿಲ್ಲ. 40 ಇದ್ದದ್ದು ಫಕ್ಕನೆ 8 ಆದರೆ ನನಗೇ ಫೋನ್ ಬರುತ್ತದೆ, ಸಿಗ್ನಲ್ ಕೆಟ್ಟಿದೆ ಬಾ ಅಂತ. ಪ್ರಾಜೆಕ್ಟ್‌ನಲ್ಲಿ ಇದಕ್ಕೆ ಏನು ಮಾಡಿದ್ದೀಯ?

ಸುಸಲಾ_ಮಿರ್ಚಿ:

ಏನೂ ಮಾಡಿಲ್ಲ ಅಣ್ಣಾ. ಟೈಮರ್ ನೆನಪೇ ಬರಲಿಲ್ಲ.

ಆಳಂದದ_ಹುಡುಗ:

ಕೊನೆಯ 5 ಅಥವಾ 10 ಸೆಕೆಂಡ್ ಮಾತ್ರ ತೋರಿಸುವುದು ಒಂದು ದಾರಿ. ಅಥವಾ ಈ ಸುತ್ತಿನಲ್ಲಿ ನೋಡಿದ್ದನ್ನು ಮುಂದಿನ ಸುತ್ತಿಗೆ ಬಳಸುವುದು. ಆಗ ಟೈಮರ್ ಸುಳ್ಳು ಹೇಳುವುದಿಲ್ಲ, ಆದರೆ ಒಂದು ಸುತ್ತು ತಡ.

ನಮ್ಮ ದೇಶದ್ದೇ ಒಂದಿದೆ, ಅದನ್ನೂ ಓದು. ತಿರುವನಂತಪುರದ ಸಿ-ಡ್ಯಾಕ್‌ನವರು (ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ) ಮಾಡಿದ ಕೋಸಿಕೋಸ್ಟ್ ಅನ್ನುವ ಸಿಗ್ನಲ್ ಸಾಫ್ಟ್‌ವೇರ್. ಲೇನ್ ಇಲ್ಲದ, ಬೈಕು ಬಸ್ಸು ಎಲ್ಲಾ ಕಲಸಿದ ನಮ್ಮ ಟ್ರಾಫಿಕ್‌ಗೇ ಅಂತ ಮಾಡಿದ್ದು. ಬೆಂಗಳೂರಿನಲ್ಲಿ 165 ಜಂಕ್ಷನ್‌ಗಳಿಗೆ ಅಂತ ಹಾಕಿಕೊಂಡ ಯೋಜನೆಯಲ್ಲಿ ಅದೇ ಇರುವುದು. ಸುಮೋದಲ್ಲೂ ಸಬ್‌ಲೇನ್ ಅಂತ ಒಂದು ಆಯ್ಕೆ ಇದೆ, ಅದನ್ನು ಹಾಕಿದರೆ ಬೈಕ್‌ಗಳು ಸಂದಿಯಲ್ಲಿ ನುಗ್ಗುತ್ತವೆ. ಸುಮ್ನೆ ಜರ್ಮನಿ ರಸ್ತೆ ಇಟ್ಟುಕೊಂಡು ಕಲಬುರಗಿ ಉತ್ತರ ಹುಡುಕಬೇಡ.

ತೊಗರಿ_ಟೀಚರ್:

ಇಷ್ಟೂ ಓದಿದೆ. ಒಬ್ಬರೂ ನಡೆದು ದಾಟುವವರ ಹೆಸರು ಎತ್ತಲಿಲ್ಲ, ಭೇಷ್.

ತಮ್ಮಾ, ನಿನ್ನ ಕ್ಯಾಮೆರಾಗೆ ಬೈಕು, ಕಾರು, ಆಟೋ ಕಾಣುತ್ತದೆ. ನಾನು ಕಾಣುತ್ತೇನಾ? ಆ ಸರ್ಕಲ್ ದಿನಾ ಎರಡು ಸಲ ದಾಟುತ್ತೇನೆ, ಒಂದು ಕೈಯಲ್ಲಿ ಉತ್ತರಪತ್ರಿಕೆ ಚೀಲ, ಇನ್ನೊಂದರಲ್ಲಿ ಮಗಳು. ಮಧ್ಯಾಹ್ನ ಗಾಡಿ ಕಡಿಮೆ ಅಂತ 41 ಸೆಕೆಂಡಿಗೆ ಸುತ್ತು ಮುಗಿಸುತ್ತೀರಿ, ಸರಿ. ಅದನ್ನು ನಾಲ್ಕು ಪಾಲು ಮಾಡಿದರೆ ದಾಟುವವರಿಗೆ ಎಷ್ಟು ಉಳಿಯಿತು? ನಮ್ಮ ಅತ್ತೆಗೆ ಮಂಡಿನೋವು. ರಸ್ತೆ ನಡುವಿನ ಕಲ್ಲು ಮುಟ್ಟುವಷ್ಟರಲ್ಲಿ ಆ ಕಡೆಯವರು ರೇಸ್ ಕೊಡಲು ಶುರು ಮಾಡುತ್ತಾರೆ.

ಆಳಂದದ_ಹುಡುಗ:

ಅಕ್ಕಾ, ಕ್ಷಮಿಸಿ, ನನ್ನದೇ ತಪ್ಪು. 41 ಅಂತ ಉಡಾಫೆಯಲ್ಲಿ ಬರೆದೆ. ವೆಬ್‌ಸ್ಟರ್ ಸೂತ್ರಕ್ಕೆ ಗಾಡಿ ಮಾತ್ರ ಗೊತ್ತು. ನಡೆಯುವವರಿಗೆ ಸೆಕೆಂಡಿಗೆ 1.2 ಮೀಟರ್ ಅಂತ ಹಿಡಿಯುವುದು ರೂಢಿ. ಎರಡೂ ಕಡೆ ಸೇರಿ 14 ಮೀಟರ್ ರಸ್ತೆಗೆ 12 ಸೆಕೆಂಡ್, ಜೊತೆಗೆ ಹೆಜ್ಜೆ ಇಡಲು ಮೊದಲ ಏಳು. ನಿಮ್ಮ ಅತ್ತೆಯವರು 0.8ರಲ್ಲಿ ನಡೆದರೆ ದಾಟುವುದಕ್ಕೇ 17 ಸೆಕೆಂಡ್ ಮೇಲೆ ಬೇಕು. ಅಂದರೆ ಯಾವ ಹಸಿರೂ ಸುಮಾರು 20ಕ್ಕಿಂತ ಕೆಳಗೆ ಇಳಿಯಬಾರದು, ವಯಸ್ಸಾದವರು ಜಾಸ್ತಿ ಓಡಾಡುವ ಕಡೆ 25. ಹಾಗಾದರೆ ಮಧ್ಯಾಹ್ನದ ಸುತ್ತು 41 ಆಗಲ್ಲ, 95ರ ಆಸುಪಾಸು ಬರುತ್ತದೆ. ಎದುರುಬದುರು ದಿಕ್ಕುಗಳನ್ನು ಒಟ್ಟಿಗೆ ಬಿಟ್ಟು ಎರಡೇ ಪಾಲು ಮಾಡಿದರೆ ಮಾತ್ರ 60ರೊಳಗೆ ತರಬಹುದು, ಆದರೆ ಬಲಕ್ಕೆ ತಿರುಗುವವರು ಕಡಿಮೆ ಇರಬೇಕು. ತಮ್ಮಾ, ಬಲಕ್ಕೆ ಎಷ್ಟು ತಿರುಗುತ್ತವೆ ಅಂತ ಬೇರೆಯಾಗಿ ಎಣಿಸಿದ್ದೀಯಾ?

ಸುಸಲಾ_ಮಿರ್ಚಿ:

ಇಲ್ಲ ಅಣ್ಣಾ 😭 ಮತ್ತೆ ಕಟ್ಟೆಗೆ ಹೋಗಬೇಕು.

ಟೀಚರ್ ಅಕ್ಕಾ, ನೀವು ಹೇಳಿದ್ದು ಸರಿ, ಯೋಲೋದಲ್ಲಿ ಮನುಷ್ಯರನ್ನು ಗುರುತಿಸುವುದು ಇದ್ದೇ ಇದೆ, ನಾನೇ ಆಫ್ ಮಾಡಿದ್ದೆ. ಆನ್ ಮಾಡುವುದು ಒಂದೇ ಸಾಲು.

ಮೀಟರ್_ಹಾಕಲ್ಲ:

ಆ "ಸ್ಟೇಷನ್ ಸ್ಟೇಷನ್" ಅಂತ ಕೂಗುತ್ತಿದ್ದವರಲ್ಲಿ ನಾನೂ ಒಬ್ಬ ಇರಬಹುದು. ಎಲ್ಲಾ ತಪ್ಪು ಆಟೋ ಮೇಲೆ ಹಾಕಿ ಹಗುರಾದಿರಲ್ಲ, ಸಂತೋಷ.

ನಾವು ಮೂಲೆಯಲ್ಲಿ ಯಾಕೆ ನಿಲ್ಲುತ್ತೇವೆ ಗೊತ್ತಾ? ಬಸ್ಸು ಅಲ್ಲೇ ಜನ ಇಳಿಸುತ್ತದೆ. ಬಸ್ಸು ಅಲ್ಲಿ ಯಾಕೆ ಇಳಿಸುತ್ತದೆ? ಮುಂದೆ ಶೆಲ್ಟರ್ ಕಟ್ಟಿದ ಕಡೆ ನೆರಳಿಲ್ಲ, ಎದುರಿಗೆ ಯಾವಾಗಲೂ ಕಾರು ನಿಂತಿರುತ್ತವೆ. ಜನ ಬೇವಿನಮರದ ಕೆಳಗೆ ನಿಲ್ಲುತ್ತಾರೆ, ಮರ ಇರುವುದು ಮೂಲೆಯಲ್ಲಿ. ಮರದ ಹಿಂದೆ ಜನ, ಜನದ ಹಿಂದೆ ಬಸ್ಸು, ಬಸ್ಸಿನ ಹಿಂದೆ ನಾವು, ನಮ್ಮ ಹಿಂದೆ ಬಾಳೆಹಣ್ಣು. ಯಾರನ್ನು ಎಬ್ಬಿಸುತ್ತೀರಿ?

ಆದರೂ ಒಂದು ಮಾತು. ತಮ್ಮಾ, ನೀನು ಮತ್ತೆ ಯಾವಾಗ ಕೂರುತ್ತೀಯ?

ಸುಸಲಾ_ಮಿರ್ಚಿ:

ಸೋಮವಾರ ಬೆಳಿಗ್ಗೆ 9ಕ್ಕೆ ಅಣ್ಣಾ. ಈ ಸಲ ಬೈಕು, ಕಾರು, ಟ್ರ್ಯಾಕ್ಟರ್, ಬಲಕ್ಕೆ ತಿರುಗುವವರು, ನಡೆಯುವವರು ಎಲ್ಲಾ ಬೇರೆ ಬೇರೆ ಕಾಲಂ. ಒಬ್ಬನಿಂದ ಆಗುವ ಕೆಲಸ ಅಲ್ಲ, ಇನ್ನಿಬ್ಬರು ಗೆಳೆಯರನ್ನು ಎಳೆದು ತರುತ್ತೇನೆ. ಯಾರಾದರೂ ಬಂದರೆ ಚಹಾ, ಸುಸಲಾ ನನ್ನದು.

ಮೀಟರ್_ಹಾಕಲ್ಲ:

ಹಾಗಾದರೆ ಕೇಳು. 9ರಿಂದ 9.45 ನಾವು ದಿನಾ ನಿಲ್ಲುವ ಕಡೆಯೇ ನಿಲ್ಲುತ್ತೇವೆ, ಎಣಿಸಿಕೋ. ಆಮೇಲೆ ನಾನೂ ಇನ್ನೊಬ್ಬನೂ ಗಾಡಿ ತಗೊಂಡು 40 ಮೀಟರ್ ಮುಂದೆ ಹೋಗಿ ನಿಲ್ಲುತ್ತೇವೆ, 10.30ರವರೆಗೆ. ಬಂಡಿಯವನಿಗೂ ಹೇಳಿ ನೋಡುತ್ತೇನೆ, ಅವನು ನಮ್ಮ ಓಣಿಯವನೇ. ಆ 18 ನಿಜವಾಗಲೂ 30 ಆಗುತ್ತದೋ ನೋಡೇಬಿಡೋಣ. ಆಗದಿದ್ದರೆ ಆಳಂದದ ಸಾಹೇಬರು ಬೆಂಗಳೂರಿನಿಂದ ಬಂದು ನನ್ನ ಮುಕ್ಕಾಲು ಗಂಟೆ ಬಾಡಿಗೆ ಕೊಡಬೇಕು.

ಆಳಂದದ_ಹುಡುಗ:

ಒಪ್ಪಿದೆ. ಪೂರ್ತಿ 30 ಆಗುತ್ತದೆ ಅಂತ ನಾನು ಹೇಳಿಲ್ಲ ಅಣ್ಣಾ, ಬಸ್ಸು ಅಲ್ಲೇ ನಿಲ್ಲುತ್ತದಲ್ಲ. 24 ದಾಟಿದರೆ ಬಾಡಿಗೆ ಇಲ್ಲ.

ನಿವೃತ್ತ_ಪೇದೆ:

ನಾನೂ ಬರುತ್ತೇನೆ. ಬಸ್ಸಿನವನಿಗೆ ಮುಂದೆ ಹೋಗಿ ನಿಲ್ಲಿಸು ಅಂತ ಕೈ ತೋರಿಸುವುದು ನನಗೆ ಬಿಡಿ, ಸೀಟಿ ಇನ್ನೂ ಮನೆಯಲ್ಲಿದೆ. ಸುಸಲಾಕ್ಕೆ ಮಿರ್ಚಿ ಜೊತೆಗಿರಲಿ.